ಕ್ಯಾಮೆರಾ ಪಕ್ಕ ನಿಂತ ಅಮ್ಮ

ಜನವರಿ 16, 1961, ಸೋಮವಾರ

ಬೆಳಿಗ್ಗೆ ಇರ್ವ್ ಫೋನು ಮಾಡಿದ. ನನ್ನ ಏಜೆಂಟ್ ಅಂತ ಹೇಳಿಕೊಳ್ಳುವ ಈ ಮನುಷ್ಯ ವರ್ಷಕ್ಕೆ ಎರಡು ಸಲ ಫೋನು ಮಾಡುತ್ತಾನೆ: ಕ್ರಿಸ್‌ಮಸ್‌ಗೊಮ್ಮೆ, ನನ್ನ ಓರಗೆಯ ನಟಿ ಯಾರಾದರೂ ತೀರಿಕೊಂಡಾಗ ಇನ್ನೊಮ್ಮೆ. ಕ್ರಿಸ್‌ಮಸ್ ಮುಗಿದುಹೋಗಿತ್ತು. ಹಾಗಾಗಿ ಫೋನೆತ್ತಿದವಳೇ ಯಾರು ಹೋದರು ಅಂತ ಕೇಳಿದೆ.

"ಯಾರೂ ಹೋಗಿಲ್ಲ ಲೆನೋರ್. ನೀನು ವಾಪಸ್ ಬರ್ತಾ ಇದ್ದೀಯ," ಅಂದ.

ಪಾತ್ರವಂತೆ. ನಾಲ್ಕು ವರ್ಷ ಪಾತ್ರವಿಲ್ಲದೆ ಪಾತ್ರೆಗಳ ಜೊತೆ ಮಾತಾಡಿಕೊಂಡು ಬಿದ್ದಿದ್ದವಳಿಗೆ ಪಾತ್ರ. ಖುಷಿಯಾಗುವ ಮೊದಲೇ ಅವನು ಕೆಮ್ಮಿದ. ಇರ್ವ್ ಕೆಮ್ಮಿದರೆ ಕೆಟ್ಟ ಸುದ್ದಿ. ತಾಯಿ ಪಾತ್ರ. ನಾಯಕಿಯ ತಾಯಿ, ಕನ್ಸಾಸಿನಲ್ಲಿ ಬೋರ್ಡಿಂಗ್ ಮನೆ ನಡೆಸುವವಳು. ಅವಳಿಗೊಂದು ಹೆಸರೂ ಇಲ್ಲ, ಸ್ಕ್ರಿಪ್ಟಿನುದ್ದಕ್ಕೂ ಬರೀ 'ತಾಯಿ'. ನೆರಿಗೆ ಲಂಗಕ್ಕೆ ಬಂದರೆ ಫ್ಯಾಷನ್, ಮುಖಕ್ಕೆ ಬಂದರೆ ತಾಯಿ ಪಾತ್ರ. ಈ ಊರಿನ ಕಾನೂನು ಅದು.

ಮಧ್ಯಾಹ್ನ ನಿರ್ದೇಶಕನನ್ನು ಕಂಡೆ. ಮಿಲ್ಟ್ ಕ್ರೌಸ್, ಟೆಲಿವಿಷನ್ನಿಂದ ಬಂದವನು, ಕ್ಯಾನ್ವಾಸ್ ಬೂಟು ಹಾಕಿಕೊಂಡು ಊಟಕ್ಕೆ ಬರುತ್ತಾನೆ. ಆದರೆ ಮಾತು ಚೆನ್ನಾಗಿ ಆಡಿದ. ಚಿತ್ರದ ಕೊನೆಗೆ ಅಡುಗೆಮನೆಯಲ್ಲಿ ಒಂದು ದೊಡ್ಡ ದೃಶ್ಯವಿದೆ. ತಾಯಿ ಮಗಳಿಗೆ, ನೀನು ನನಗೆ ಬೇಡದೆ ಹುಟ್ಟಿದವಳು ಅಂತ ಮುಖದ ಮೇಲೆ ಹೇಳಿಬಿಡುತ್ತಾಳೆ. ಆ ದೃಶ್ಯ ಪೂರ್ತಿ ನಿಮ್ಮ ಮುಖದ ಮೇಲೆ ಇಡುತ್ತೇನೆ ಅಂತ ಕ್ರೌಸ್ ಮಾತು ಕೊಟ್ಟ.

ನನಗೆ ಬೇಕಾದದ್ದು ಅಷ್ಟೇ. ಆ ದೃಶ್ಯ ನಿಂತರೆ ನಾನು ನಿಂತೆ. ಬಿದ್ದರೆ ಸಾಬೂನಿನ ಜಾಹೀರಾತು ಕಾದಿದೆ. 'ಅಜ್ಜಿಯ ಮೆಚ್ಚಿನ ಸಾಬೂನು', ಇರ್ವ್ ಅದನ್ನೂ ಹೇಳಿಬಿಟ್ಟ, ಪಾಪ, ಅವನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ.

ಫೆಬ್ರವರಿ 1, ಬುಧವಾರ

ಮೇಕಪ್ ಪರೀಕ್ಷೆ. ನನಗೆ ಮೇಕಪ್ ಮಾಡಲು ಹೆಸ್ಟರೇ ಬೇಕು ಅಂತ ಪಟ್ಟು ಹಿಡಿದು ಕರೆಸಿಕೊಂಡೆ. ಹತ್ತೊಂಬತ್ತು ವರ್ಷದಿಂದ ನನ್ನ ಮುಖ ಅವಳ ಜವಾಬ್ದಾರಿ. ಮೊದಲೆಲ್ಲ ವಯಸ್ಸು ಮುಚ್ಚಲು ಎರಡು ಗಂಟೆ ಹಿಡಿಯುತ್ತಿತ್ತು. ಈ ಸಲ ವಯಸ್ಸು ಕಾಣಿಸಲು ಎಷ್ಟು ಹೊತ್ತು ಬೇಕು ಅಂದೆ. ಹೆಸ್ಟರ್ ಬ್ರಷ್ಷನ್ನು ಕೆಳಗಿಟ್ಟು, "ಆಯ್ತಲ್ಲ," ಅಂದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅವಳೊಬ್ಬಳಿಗೇ ನನ್ನನ್ನು ಲೆನಾ ಅಂತ, ಅಪ್ಪ ಇಟ್ಟ ಹೆಸರಿನಿಂದ ಕರೆಯುವ ಹಕ್ಕು.

ಚಿತ್ರದಲ್ಲಿನ ನನ್ನ ಮಗಳೂ ಬಂದಿದ್ದಳು. ಕಾರ್ಲಿಸ್ ಡೇನ್, ಇಪ್ಪತ್ತೆರಡೋ ಇಪ್ಪತ್ತಮೂರೋ. ಆ ಹೆಸರು ಸ್ಟುಡಿಯೋದವರು ಹೊಲಿಸಿದ್ದು, ಒಳಗಿರುವುದು ಬೇಕರ್ಸ್‌ಫೀಲ್ಡಿನ ಡೋರಿ ಪ್ರೂಯಿಟ್. ಅಂದ ಇದೆ. ಎದೆಯಲ್ಲಿ ಏನೋ ಇದೆ, ಆದರೆ ಕ್ಯಾಮೆರಾ ಹತ್ತಿರ ಬಂತೆಂದರೆ ಅಂಗಡಿ ಬಾಗಿಲು ಎಳೆದ ಹಾಗೆ ಮುಖ ಮುಚ್ಚಿಕೊಳ್ಳುತ್ತದೆ. ಅಳಬೇಕಾದರೆ ಕಣ್ಣಿಗೆ ಗ್ಲಿಸರಿನ್. ಪಾಪದ್ದು, ನನ್ನ ಕೈ ಹಿಡಿದುಕೊಂಡು ನೀವೇ ನನಗೆ ಕಲಿಸಬೇಕು ಅಂದಳು. ಕಲಿಸುತ್ತೇನೆ ಅಂದೆ. ಮನಸ್ಸಿನಿಂದಲೇ ಅಂದೆ.

ಫೆಬ್ರವರಿ 8, ಬುಧವಾರ

ಈ ಕಸುಬಿನಲ್ಲಿ ದೊಡ್ಡತನ ಅಳೆಯುವುದು ಕ್ಯಾಮೆರಾ ಮುಂದಲ್ಲ, ಕ್ಯಾಮೆರಾ ಪಕ್ಕದಲ್ಲಿ. ಒಬ್ಬರ ಕ್ಲೋಸಪ್ ತೆಗೆಯುವಾಗ ಎದುರಿನವರು ಕ್ಯಾಮೆರಾ ಪಕ್ಕ ನಿಂತು, ಯಾರಿಗೂ ಕಾಣದೆ, ತಮ್ಮ ಮಾತು ಹೇಳಬೇಕು. ಅದನ್ನು ಕೇಳಿಯೇ ಅಲ್ಲಿ ಮುಖ ಅರಳಬೇಕು, ಬಾಡಬೇಕು. ತಮ್ಮ ಕ್ಲೋಸಪ್ ಮುಗಿದ ಕೂಡಲೇ ಕಾರು ಹತ್ತುವವರೇ ಹೆಚ್ಚು. ಆಗ ಅವರ ಮಾತನ್ನು ಸ್ಕ್ರಿಪ್ಟ್ ಹಿಡಿದ ಹೆಂಗಸು ಓದುತ್ತಾಳೆ, ದಿನಸಿ ಚೀಟಿ ಓದಿದ ಹಾಗೆ. ನಾನು ಮೂವತ್ತು ವರ್ಷದಲ್ಲಿ ಒಂದು ದಿನವೂ ಹಾಗೆ ಹೋದವಳಲ್ಲ. ಜ್ವರದಲ್ಲೂ ನಿಂತಿದ್ದೇನೆ, ಗಂಡ ಬಿಟ್ಟುಹೋದ ದಿನವೂ ನಿಂತಿದ್ದೇನೆ.

ಇನ್ನೊಂದು ಪದ್ಧತಿ: ಮೊದಲ ಕ್ಲೋಸಪ್ ಯಾವಾಗಲೂ ದೊಡ್ಡ ತಾರೆಯದು. ಇವತ್ತು ದೀಪಗಳನ್ನು ಕಾರ್ಲಿಸ್ ಕಡೆ ತಿರುಗಿಸಿದರು. ನಾನು ಗೊತ್ತಿಲ್ಲದೆ ನನ್ನ ಜಾಗದಲ್ಲೇ ನಿಂತುಬಿಟ್ಟಿದ್ದೆ. ಕ್ರೌಸ್ ಬಂದು ಮೃದುವಾಗಿ, "ಒಂಚೂರು ಈ ಕಡೆ ಬರ್ತೀರಾ ಮಿಸ್ ಹ್ಯಾಸ್ಕೆಲ್, ನಿಮ್ಮ ನೆರಳು ಬೀಳ್ತಿದೆ," ಅಂದ. ಒಂದು ಕಾಲದಲ್ಲಿ ನನ್ನ ನೆರಳಿನಲ್ಲಿ ನಿಲ್ಲಲು ಜನ ಸಾಲು ಹಚ್ಚುತ್ತಿದ್ದರು.

ಕ್ಯಾಮೆರಾ ಪಕ್ಕ ನಿಂತು ಅವಳಿಗೆ ಜೀವ ತುಂಬಿ ಮಾತು ಕೊಟ್ಟೆ. ನನ್ನ ಸರದಿ ಬಂದಾಗ ನೋಡಿದರೆ ಹುಡುಗಿ ಇಲ್ಲ. ಮನೆಗೆ ಹೋಗಿದ್ದಾಳೆ. ನಾನು ದಿನಸಿ ಚೀಟಿಯ ಎದುರು ಕಣ್ಣೀರು ಹಾಕಿದೆ.

ಫೆಬ್ರವರಿ 9, ಗುರುವಾರ

ಅವಳಿಗೆ ಪದ್ಧತಿಯೇ ಗೊತ್ತಿರಲಿಲ್ಲವಂತೆ. ಟೆಲಿವಿಷನ್ನಿನಲ್ಲಿ ಹೀಗಿಲ್ಲವಂತೆ. ನಾನು ನಗುತ್ತಲೇ ಹೇಳಿದೆ, ನಿನ್ನೆ ನಿನ್ನ ಬದಲು ಸ್ಕ್ರಿಪ್ಟ್ ಹೆಂಗಸಿನ ಕನ್ನಡಕ ನನ್ನ ಮಗಳಾಗಿತ್ತು ಪುಟ್ಟಿ ಅಂತ. ಸುತ್ತಲಿದ್ದವರೆಲ್ಲ ನಕ್ಕರು. ಅವಳು ಕಿವಿವರೆಗೆ ಕೆಂಪಾಗಿ ಅತ್ತೇಬಿಟ್ಟಳು. ಅಳಲು ಬರುತ್ತದೆ ಹಾಗಾದರೆ! ಆಮೇಲೆ ಇಡೀ ದಿನ ನನ್ನ ಕ್ಲೋಸಪ್ಪಿಗೆ ನಿಂತಳು, ನೀರು ಕೂಡ ಕುಡಿಯದೆ. ಸಂಜೆ ಹೋಗುವಾಗ "ಬರ್ತೀನಮ್ಮ" ಅಂದಳು. ಮಿಸ್ ಹ್ಯಾಸ್ಕೆಲ್ ಹೋಗಿ ಅಮ್ಮ ಬಂದಿತು. ಸೆಟ್ಟಿನ ಬಡಗಿಗಳೂ ನಾಳೆಯಿಂದ ಅಮ್ಮ ಅನ್ನುತ್ತಾರೋ ಏನೋ.

ಫೆಬ್ರವರಿ 15, ಬುಧವಾರ

ಗಂಟಲು ಸರಿಯಿಲ್ಲ. ಅವಳ ಕ್ಲೋಸಪ್ಪಿಗೆ ಮಾತು ಕೊಡುವಾಗ ಸ್ವಲ್ಪ ತಗ್ಗಿಸಿ ಹೇಳಿದೆ. ಎಲ್ಲವನ್ನೂ ಅವಳಿಗೇ ಸುರಿದರೆ ನನ್ನ ಸರದಿಗೆ ಏನು ಉಳಿಯುತ್ತದೆ? ಕ್ರೌಸ್ ಅವಳಿಂದ ಹತ್ತಾರು ಟೇಕ್ ತೆಗೆಸಿದ. ಒಂದರಲ್ಲೂ ಏನೂ ಇಲ್ಲ. ನನ್ನದು ಎರಡನೆಯದಕ್ಕೇ ಮುಗಿಯಿತು. ಕ್ಯಾಮೆರಾಮನ್ ಚಪ್ಪಾಳೆ ತಟ್ಟಿದ.

ಹೆಸ್ಟರ್ ಮೇಕಪ್ ಒರೆಸುತ್ತಾ ಕ್ಯಾಮೆರಾ ನಿನ್ನ ಕಡೆ ತಿರುಗಿದಾಗ ನಿನ್ನ ಗಂಟಲಿಗೆ ಏನೂ ಆಗಿರಲಿಲ್ಲವಲ್ಲ ಅಂದಳು. ಮಾತ್ರೆ ನುಂಗಿದ್ದೆ ಅಂದೆ.

ಫೆಬ್ರವರಿ 17, ಶುಕ್ರವಾರ

ಗಂಟಲು ಹಾಗೇ ಇದೆ. ನನ್ನ ಟೇಕ್‌ಗಳು ಬಹಳ ಚೆನ್ನಾಗಿ ಬರುತ್ತಿವೆ.

ಫೆಬ್ರವರಿ 24, ಶುಕ್ರವಾರ

ಹುಡುಗಿ ಮಧ್ಯಾಹ್ನ ಊಟ ಬಿಟ್ಟು ನನ್ನ ಕೋಣೆಗೆ ಬಂದಳು. ಟ್ಯೂನಾ ಸ್ಯಾಂಡ್‌ವಿಚ್ಚಿನ ಅರ್ಧ ಕೊಟ್ಟೆ. ಮುಟ್ಟಲಿಲ್ಲ. ಕ್ರೌಸ್ ಎಲ್ಲರೆದುರು ಅವಳನ್ನು ಮರದ ಬೊಂಬೆ ಅಂದನಂತೆ. ತಲೆ ಸವರಿದೆ. ಸವರಿದ್ದೇ ತಪ್ಪಾಯಿತು, ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತು.

ಊರಿನಲ್ಲಿ ಅವಳಿಗೊಬ್ಬ ತಂಗಿ ಇದ್ದಾಳೆ, ಟ್ರೂಡಿ, ಆರು ವರ್ಷ. ತಂಗಿಯಲ್ಲ. ಮಗಳು. ಹದಿನಾರಕ್ಕೆ ಹೆತ್ತದ್ದು. ಇವಳ ತಾಯಿ ಅದನ್ನು ತನ್ನದೆಂದು ಊರಿಗೆಲ್ಲ ಹೇಳಿ ಸಾಕುತ್ತಿದ್ದಾಳೆ. ಸ್ಟುಡಿಯೋಕ್ಕೆ ಗೊತ್ತಿಲ್ಲ, ಗೊತ್ತಾದರೆ ಮಾರನೇ ದಿನವೇ ಗೇಟಿನಾಚೆ. ಮಗುವಿಗೂ ಗೊತ್ತಿಲ್ಲ. ತಿಂಗಳಿಗೊಂದು ಭಾನುವಾರ ಹೋಗಿ ಬರುತ್ತಾಳೆ. ಬಸ್ಸಿಳಿದ ಕೂಡಲೇ ಆ ಮಗು ಅಕ್ಕಾ ಅಂತ ಓಡಿಬರುತ್ತದಂತೆ.

"ಅದು ಅಕ್ಕಾ ಅಂದಾಗಲೆಲ್ಲ ನಾನು ಇನ್ನೊಂದು ಸಲ ಅದನ್ನ ಬಿಟ್ಟುಕೊಟ್ಟ ಹಾಗಾಗುತ್ತೆ ಅಮ್ಮ," ಅಂದಳು. ಯಾರಿಗೂ ಹೇಳಿರಲಿಲ್ಲವಂತೆ, ನನಗೇ ಮೊದಲು.

ನನ್ನ ಮಡಿಲಲ್ಲಿ ತಲೆಯಿಟ್ಟು ಅತ್ತಳು. ಎಂಥ ಅಳು! ಬಾಯಿ ಸೊಟ್ಟ ಆಗುವುದಿಲ್ಲ, ಗಲ್ಲ ಮಾತ್ರ ನಡುಗುತ್ತದೆ, ಕಣ್ಣು ತೆರೆದೇ ಇರುತ್ತದೆ. ನನಗೆ ಇದನ್ನು ಕಲಿಯಲು ಹನ್ನೊಂದು ಚಿತ್ರ ಬೇಕಾಯಿತು. ಗೌನಿನ ತೊಡೆಯ ಮೇಲೆ ಒದ್ದೆಯಾಗಿ, ಮಧ್ಯಾಹ್ನದ ಶಾಟಿಗೆ ಬೇರೆ ಹುಡುಕಬೇಕಾಯಿತು.

ಮಾರ್ಚ್ 2, ಗುರುವಾರ

ಅಡುಗೆಮನೆ ದೃಶ್ಯ ಶುರುವಾಯಿತು. ಪೂರ್ತಿ ದೃಶ್ಯವನ್ನು ದೂರದಿಂದ ಒಂದು ಸಲ ತೆಗೆದರು. ನಾನು ಹೇಳಿದೆ, ಹುಡುಗಿ ಕೇಳಿದಳು. ಕೇಳಿದಳು ಅನ್ನುವುದು ಉಪಚಾರದ ಮಾತು. ಗೋಡೆಗೆ ಇದಕ್ಕಿಂತ ಚೆನ್ನಾಗಿ ಕೇಳಿಸುತ್ತದೆ. ಎಷ್ಟು ದಿನದಿಂದ ಅವಳು ಹೀಗೆ ಕಲ್ಲಾಗಿದ್ದಾಳೆ ಅಂದರೆ, ಈಗ ನಾನು ಪೂರ್ತಿ ದನಿ ಬಿಟ್ಟರೂ ಅಲುಗುವುದಿಲ್ಲ.

ಸಂಜೆ ಕ್ರೌಸ್ ನನ್ನನ್ನು ಪಕ್ಕಕ್ಕೆ ಕರೆದ. "ನೀವು ಎಷ್ಟೇ ಚೆನ್ನಾಗಿ ಹೊಡೆದರೂ, ಹೊಡೆತ ಯಾರಿಗೂ ತಾಗದೇ ಇದ್ರೆ ನೋಡೋರಿಗೆ ನೋವಾಗಲ್ಲ ಕಣ್ರಿ. ನಾಳೆ ಬೆಳಿಗ್ಗೆ ಮೊದಲು ಅವಳ ಕ್ಲೋಸಪ್. ಊಟದೊಳಗೆ ಅವಳ ಮುಖದಲ್ಲಿ ಏನಾದ್ರೂ ಆದ್ರೆ ಸರಿ, ಇಲ್ಲಾಂದ್ರೆ ದೃಶ್ಯ ಮೊಟಕು ಮಾಡ್ತೀನಿ. ತಾಯಿ ಏಪ್ರನ್ ಬಿಚ್ಚಿಟ್ಟು ಒಳಗೆ ಹೋಗ್ತಾಳೆ, ಮುಗೀತು."

ನನ್ನ ಮುಖ? ಅಂತ ಕೇಳಿದೆ. ಏಪ್ರನ್ ಕ್ಲೋಸಪ್ ಇಡುತ್ತೇನೆ ಅಂದ. ತಮಾಷೆಗೆ ಅಂದನೋ ನಿಜವಾಗಿಯೋ ಗೊತ್ತಾಗಲಿಲ್ಲ.

ಮೂರ್ಖ ಹುಡುಗಿ. ತನ್ನದನ್ನು ತಾನು ಹಾಳು ಮಾಡಿಕೊಳ್ಳಲಿ, ನನ್ನದನ್ನೇಕೆ ಹಾಳು ಮಾಡಬೇಕು?

ಮಾರ್ಚ್ 3, ಶುಕ್ರವಾರ

ದೃಶ್ಯ ಉಳಿಸಿದೆ.

ಬೆಳಿಗ್ಗೆಯಿಂದ ಟೇಕ್ ಮೇಲೆ ಟೇಕ್. ಗ್ಲಿಸರಿನ್ ಬಾಟಲಿ ಅರ್ಧ ಖಾಲಿ. ಕ್ರೌಸ್ ಗಡಿಯಾರ ನೋಡಿಕೊಳ್ಳಲು ಶುರು ಮಾಡಿದ. ಊಟದ ಗಂಟೆಗೆ ಮೊದಲಿನ ಕೊನೇ ಟೇಕ್. ನಾನು ಕ್ಯಾಮೆರಾಕ್ಕೆ ಒತ್ತಿಕೊಂಡೇ ನಿಂತೆ. ಸ್ಕ್ರಿಪ್ಟಿನಲ್ಲಿ ನನ್ನ ಮಾತು ಇದ್ದದ್ದು ಹೀಗೆ: 'ನಿನ್ನನ್ನ ಬೇಕು ಅಂತ ಹೆತ್ತೋಳಲ್ಲ ನಾನು.' ಅದರ ಬದಲು, ಮೆಲ್ಲಗೆ, ಮಗುವನ್ನು ಮಲಗಿಸುವ ದನಿಯಲ್ಲಿ ಹೇಳಿದೆ:

"ಟ್ರೂಡಿ ನಿನ್ನ ಅಕ್ಕಾ ಅಂತಾಳೆ. ಪಾಪ, ಅದಕ್ಕೆ ಗೊತ್ತಿಲ್ಲ, ಹೆತ್ತೋಳಿಗೇ ತಾನು ಬೇಡ ಅಂತ."

ಮುಖ ಅಂದರೆ ಅದು. ಮೊದಲು ಅರ್ಥವಾಗದ ಹಾಗೆ ನನ್ನ ಕಡೆ ನೋಡಿದಳು, ಸ್ವಲ್ಪ ನಕ್ಕ ಹಾಗೂ ಇತ್ತು. ಆಮೇಲೆ ಆ ನಗು ಎಲ್ಲಿಗೆ ಹೋಗಬೇಕೋ ತಿಳಿಯದೆ ಮುಖದ ಮೇಲೇ ಸತ್ತುಹೋಯಿತು. ಕಣ್ಣು ಮುಚ್ಚಲಿಲ್ಲ, ಗಲ್ಲ ನಡುಗಿತು, ಮಡಿಲಲ್ಲಿ ನೋಡಿದ್ದೆನಲ್ಲ, ಅದೇ. ತನ್ನ ಮಾತುಗಳನ್ನು ಒಂದೂ ಬಿಡದೆ ಹೇಳಿ ಮುಗಿಸಿದಳು. ನಾನು ಮಾತ್ರ ಗಮನಿಸಿದೆ, ಅದು ಕಸುಬು, ಕಲಿತಿದ್ದಾಳೆ. ಕ್ರೌಸ್ ಕಟ್ ಅನ್ನುವುದನ್ನೇ ಮರೆತ. ಫಿಲಂ ತೀರಿ ತಾನೇ ನಿಂತಿತು.

ಆಮೇಲೆ ಎಲ್ಲರೂ ನನ್ನ ಬೆನ್ನು ತಟ್ಟಿದರು. ಕ್ರೌಸ್ ಕೆನ್ನೆಗೆ ಮುತ್ತು ಕೊಟ್ಟು, ಅದೇನು ಹೇಳಿದಿರೋ ನನಗೆ ಬೇಡ, ಹೇಳಿದ್ದು ದೊಡ್ಡದು ಅಂದ. ಹುಡುಗಿ ಅಡುಗೆಮನೆಯ ಕುರ್ಚಿಯಿಂದ ಏಳಲೇ ಇಲ್ಲ. ಆಮೇಲೆ ಅವಳಿಗೆ ವಾಂತಿಯಾಗಿ, ಕಾರಿನಲ್ಲಿ ಮನೆಗೆ ಕಳಿಸಿದರಂತೆ. ಹಾಗಾಗಿ ನನ್ನ ಕ್ಲೋಸಪ್ ಸೋಮವಾರಕ್ಕೆ ಹೋಯಿತು. ಒಳ್ಳೆಯದೇ, ಎರಡು ದಿನ ನಿದ್ದೆ ಮಾಡಿ ಮುಖ ತಾಜಾ ಇಟ್ಟುಕೊಳ್ಳುತ್ತೇನೆ.

ಹೆಸ್ಟರ್ ಇವತ್ತು ಬೇಗಬೇಗ ಮೇಕಪ್ ಒರೆಸಿ ಪೆಟ್ಟಿಗೆ ಮುಚ್ಚಿದಳು. ಹೋಗುವಾಗ ಬಾಗಿಲಲ್ಲಿ ನಿಂತು, "ಅದು ಯಾರ ಹೆಸರು ಲೆನಾ?" ಅಂದಳು. ಯಾರದ್ದೋ, ನಟನೆಗೆ ಬಳಸಿಕೊಂಡೆ ಅಂದೆ. ಅವಳಿಗೂ ವಯಸ್ಸಾಯಿತು, ಕೆಲಸದ ಜಾಗಕ್ಕೆ ಮನೆಯ ಮನಸ್ಸು ತರುತ್ತಾಳೆ.

ಮಾರ್ಚ್ 6, ಸೋಮವಾರ

ಸ್ಟೇಜಿಗೆ ಹೋದರೆ ಅಡುಗೆಮನೆ ಇಲ್ಲ. ಒಲೆ ಇಲ್ಲ, ಗೋಡೆ ಇಲ್ಲ. ಬಡಗಿಗಳು ಶನಿವಾರವೇ ಬಿಚ್ಚಿ ಒಯ್ದಿದ್ದಾರೆ. ಅಲ್ಲೀಗ ಬೇರೆ ಯಾವುದೋ ಚಿತ್ರದ ಹಡಗು ಎದ್ದು ನಿಲ್ಲುತ್ತಿದೆ. ಕ್ರೌಸನನ್ನು ಹುಡುಕಿ ಹಿಡಿದೆ. ಅವನು ಕಣ್ಣು ತಪ್ಪಿಸದೆಯೇ ಹೇಳಿದ, ಅಷ್ಟು ಮಟ್ಟಿಗೆ ಮರ್ಯಾದಸ್ಥ.

"ಶುಕ್ರವಾರದ ಟೇಕ್ ನೋಡಿದೆ. ಅವಳ ಮುಖದಿಂದ ಒಂದು ಕ್ಷಣ ಕೂಡ ಕ್ಯಾಮೆರಾ ಕದಲಿಸೋಕೆ ನನ್ನ ಕೈಲಾಗಲ್ಲ. ನಿಮ್ಮ ಕ್ಲೋಸಪ್ ತೆಗೆದ್ರೂ ನಾನು ಹಾಕಲ್ಲ. ಯಾಕೆ ಸುಳ್ಳು ಹೇಳಲಿ?"

ಹಾಗಾದರೆ ನಾನು ದೃಶ್ಯದಲ್ಲಿ ಎಲ್ಲಿ ಅಂದೆ. ದೂರದ ಶಾಟಿನಲ್ಲಿ ಒಂದಿಷ್ಟು ಹೊತ್ತು ನನ್ನ ಬೆನ್ನಿದೆಯಂತೆ. ಶುಕ್ರವಾರ ಎಲ್ಲರೂ ಅದನ್ನೇ ತಟ್ಟಿದ್ದು.

ಮಾರ್ಚ್ 21, ಮಂಗಳವಾರ

ಚಿತ್ರೀಕರಣ ಮುಗಿಯಿತು. ಹೆಸ್ಟರ್ ಬಿಟ್ಟುಹೋದಳು. ಸ್ಯಾನ್ ಡಿಯೇಗೋದಲ್ಲಿ ತಂಗಿ ಇದ್ದಾಳಂತೆ. ಹತ್ತೊಂಬತ್ತು ವರ್ಷದಲ್ಲಿ ಈ ತಂಗಿಯ ಸುದ್ದಿಯನ್ನೇ ನಾನು ಕೇಳಿರಲಿಲ್ಲ. ಹೊಸ ಹುಡುಗಿಯೊಬ್ಬಳನ್ನು ಕಳಿಸಿದ್ದಾರೆ, ಪೌಡರನ್ನು ಬ್ರೆಡ್ಡಿಗೆ ಹಿಟ್ಟು ಚೆಲ್ಲಿದ ಹಾಗೆ ಚೆಲ್ಲುತ್ತಾಳೆ.

ಮೇ 10, ಬುಧವಾರ

ಮಾರ್ಚ್ ತಿಂಗಳ ಆ ಶುಕ್ರವಾರದ ಟೇಕಿನಲ್ಲಿ ನನ್ನ ದನಿ ಸೇರಿಕೊಂಡಿದೆ, ಟ್ರೂಡಿಯ ಹೆಸರಿನ ಸಮೇತ. ಅದನ್ನು ತೆಗೆದು, ಸ್ಕ್ರಿಪ್ಟಿನ ಮಾತನ್ನು ನಾನು ಮತ್ತೆ ಹೇಳಿ ಕೂರಿಸಬೇಕು. ಡಬ್ಬಿಂಗ್ ಕೋಣೆ, ಕತ್ತಲು, ಎದುರಿಗೆ ತೆರೆಯ ಮೇಲೆ ಬಾಗಿಲಿನಷ್ಟು ದೊಡ್ಡ ಹುಡುಗಿಯ ಮುಖ. ಮತ್ತೆ ಮತ್ತೆ ಅದೇ ನಗು, ಅದೇ ಸಾವು.

ಹೇಳಿದೆ. ಕ್ರೌಸ್ ಇಲ್ಲ ಅಂತ ತಲೆಯಾಡಿಸಿದ. ಮತ್ತೆ ಹೇಳಿದೆ, ಎದೆ ಒಡೆದುಕೊಂಡು, ಎರಡು ಸಲ ನನಗೆ ಬಹುಮಾನ ತಂದುಕೊಟ್ಟ ದನಿಯಲ್ಲಿ.

"ಚೆನ್ನಾಗಿದೆ. ಆದ್ರೆ ಇದು ಲೆನೋರ್ ಹ್ಯಾಸ್ಕೆಲ್ ಮಾಡ್ತಿರೋ ತಾಯಿ. ನನಗೆ ಆ ಶುಕ್ರವಾರದ ಹೆಂಗಸು ಬೇಕು. ಅವಳೆಲ್ಲಿ?"

ಯಾವ ಹೆಂಗಸು ಅಂತ ನನಗೆ ನಿಜಕ್ಕೂ ಅರ್ಥವಾಗಲಿಲ್ಲ. ಆಮೇಲೆ ಒಂದು ಉಪಾಯ ಹೊಳೆಯಿತು. ಮೊದಲು ಟ್ರೂಡಿಯ ಮಾತನ್ನೇ ಪೂರ್ತಿ ಹೇಳುವುದು, ಅದರ ಹಿಂದೆಯೇ, ಉಸಿರು ಬದಲಿಸದೆ, ಸ್ಕ್ರಿಪ್ಟಿನ ಮಾತು. ಮೊದಲನೆಯದನ್ನು ಕತ್ತರಿಸಿ ಎಸೆದರಾಯಿತು. ಹೇಳಿದೆ. ಗಾಜಿನಾಚೆ ಕೂತು ಧ್ವನಿ ದಾಖಲಿಸುತ್ತಿದ್ದ ಮನುಷ್ಯ ಕಿವಿಯಿಂದ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟ. ಸಾಕು ಅಂದ ಕ್ರೌಸ್.

ಜೀವಮಾನದಲ್ಲಿ ನಾನು ಇಷ್ಟು ಚೆನ್ನಾಗಿ ನಟಿಸಿದ್ದಿಲ್ಲ. ನೋಡಿದ್ದು ಒಂದು ಮೈಕು.

ಜೂನ್ 22, ಗುರುವಾರ

ಪ್ಯಾಸಡೀನಾದಲ್ಲಿ ಚಿತ್ರವನ್ನು ಜನರಿಗೆ ಮೊದಲ ಸಲ ತೋರಿಸಿದರು. ಅಡುಗೆಮನೆ ದೃಶ್ಯಕ್ಕೆ ಇಡೀ ಚಿತ್ರಮಂದಿರ ಮೂಗು ಸೀಟಿತು. ನನ್ನ ಪಕ್ಕದ ಮುದುಕಿ ನನ್ನ ತೋಳು ಹಿಡಿದುಕೊಂಡು, ಆ ಮಗು ನೋಡಿ, ಆ ಮಗು ನೋಡಿ ಅಂದಳು. ಅವಳು ಹಿಡಿದದ್ದು ಯಾರ ತೋಳು ಅಂತ ಅವಳಿಗೆ ಗೊತ್ತಾಗಲಿಲ್ಲ. ಬೆನ್ನು ತೋರಿಸಿ ಕೂತಿದ್ದರೆ ಗುರುತು ಹಿಡಿಯುತ್ತಿದ್ದಳೇನೋ.

ಹೊರಗೆ ಕಾರ್ಲಿಸ್ ಸಿಕ್ಕಳು, ಸುತ್ತ ಫ್ಲಾಶ್ ಬಲ್ಬು. ತೆಳ್ಳಗಾಗಿದ್ದಾಳೆ, ಅದು ಅವಳಿಗೆ ಒಪ್ಪುತ್ತದೆ. ಜನರನ್ನು ಸರಿಸಿಕೊಂಡು ನನ್ನ ಹತ್ತಿರವೇ ಬಂದು ಕೈ ಹಿಡಿದಳು. ಜಗಳ ತೆಗೆಯುತ್ತಾಳೇನೋ ಅಂದುಕೊಂಡೆ. ಇಲ್ಲ. ನೀವಿಲ್ಲದಿದ್ದರೆ ನಾನು ಇವತ್ತು ಊರಿನ ಬಸ್ಸಿನಲ್ಲಿರುತ್ತಿದ್ದೆ ಅಂದಳು. ಆಮೇಲೆ ದನಿ ತಗ್ಗಿಸಿ:

"ಊರಿಗೆ ಹೋಗೋದು ನಿಲ್ಲಿಸಿಬಿಟ್ಟೆ ಅಮ್ಮ. ಅದು ಅಕ್ಕಾ ಅಂದ್ರೆ ಈಗ ನಿಮ್ಮ ದನೀನೇ ಕೇಳಿಸುತ್ತೆ."

ಬೇಕರ್ಸ್‌ಫೀಲ್ಡಿನವರೆಗೆ ಕೇಳಿಸುತ್ತದೆ ಅಂದರೆ ಗಂಟಲು ಇನ್ನೂ ಗಟ್ಟಿ ಇದೆ ಅಂತಾಯಿತು. ಕೆನ್ನೆ ತಟ್ಟಿ ಕಳಿಸಿದೆ.

ಆಗಸ್ಟ್ 14, ಸೋಮವಾರ

ಇರ್ವ್ ಫೋನು. ಈ ಸಲ ಎರಡು ಸಲ ಕೆಮ್ಮಿದ.

ಹುಡುಗಿಗೆ ದೊಡ್ಡ ಚಿತ್ರ ಸಿಕ್ಕಿದೆ. ಉದ್ದಕ್ಕೂ ಅಳುವ ಪಾತ್ರ. ಪರೀಕ್ಷೆಗೆ ನಿಲ್ಲಿಸಿದರೆ ಮತ್ತೆ ಅದೇ ಮರದ ಬೊಂಬೆ. ಅವಳೇ ಷರತ್ತು ಹಾಕಿದ್ದಾಳಂತೆ, ಕ್ಯಾಮೆರಾ ಪಕ್ಕ ಮಿಸ್ ಹ್ಯಾಸ್ಕೆಲ್ ನಿಂತರೆ ಮಾತ್ರ ಮಾಡುತ್ತೇನೆ ಅಂತ.

"ಪಾತ್ರ ಯಾವುದು?" ಅಂದೆ.

"ಪಾತ್ರ ಇಲ್ಲ ಲೆನೋರ್. ನಿಲ್ಲೋದು, ಅಷ್ಟೆ. ಹೆಸರೂ ಹಾಕಲ್ಲ. ಕಾರು ಕಳಿಸ್ತಾರೆ, ಕೋಣೆ ಕೊಡ್ತಾರೆ."

ಫೋನು ಇಟ್ಟುಬಿಟ್ಟೆ. ಎರಡು ಸಲ ದೇಶದ ಅತ್ಯುತ್ತಮ ನಟಿ ಅನ್ನಿಸಿಕೊಂಡವಳು ಇನ್ನೊಬ್ಬಳ ಕಣ್ಣಲ್ಲಿ ನೀರು ತರಿಸುವ ಈರುಳ್ಳಿಯ ಕೆಲಸಕ್ಕೆ ಹೋಗಬೇಕೆ? ಅರ್ಧ ಗಂಟೆ ತೋಟದಲ್ಲಿ ಓಡಾಡಿದೆ. ಆಮೇಲೆ ನಾನೇ ಫೋನು ಮಾಡಿದೆ. ಅಜ್ಜಿಯ ಸಾಬೂನಿಗಿಂತ ಇದು ವಾಸಿ. ಸೆಟ್ಟು ಸೆಟ್ಟೇ. ದೀಪ ಯಾರ ಮೇಲೆ ಬಿದ್ದರೇನು, ಬಿಸಿ ಪಕ್ಕದವರಿಗೂ ತಗಲುತ್ತದೆ.

ಆಗಸ್ಟ್ 19, ಶನಿವಾರ

ಹುಡುಗಿಯನ್ನು ಊಟಕ್ಕೆ ಕರೆದಿದ್ದೆ. ಕೆಲಸ ಒಪ್ಪಿಕೊಂಡ ಮೇಲೆ ಸರಿಯಾಗಿ ಮಾಡಬೇಕು. ಅವಳ ಮನಸ್ಸಿನಲ್ಲಿ ಈಗ ಏನಿದೆ, ಯಾರಿದ್ದಾರೆ ಅಂತ ತಿಳಿದುಕೊಳ್ಳದೆ ಕ್ಯಾಮೆರಾ ಪಕ್ಕ ನಿಂತು ಏನು ಹೇಳುವುದು? ಕೋಳಿ ಸಲಾಡ್ ಮಾಡಿಸಿದ್ದೆ. ಪ್ರೀತಿಯಿಂದ ವಿಚಾರಿಸಿದೆ. ಗಂಡಸರು ಯಾರೂ ಇಲ್ಲ. ಕುಡಿತ ಸ್ವಲ್ಪ ಇದೆ. ಇದರಲ್ಲಿ ಏನೂ ಸಿಗುವುದಿಲ್ಲ ಅಂದುಕೊಳ್ಳುವಷ್ಟರಲ್ಲಿ ಅವಳೇ ಬಾಯಿಬಿಟ್ಟಳು, ತಿಂಗಳುಗಟ್ಟಲೆ ಆದ ಮೇಲೆ ಮೊದಲ ಸಲ ಮುಖದಲ್ಲಿ ಬಣ್ಣ ಬಂದಿತ್ತು.

"ಟ್ರೂಡಿಗೆ ನಿಜ ಹೇಳಿಬಿಡ್ತೀನಿ ಅಮ್ಮ. ಮುಂದಿನ ಭಾನುವಾರ. ಸ್ಟುಡಿಯೋದವರು ಏನು ಬೇಕಾದ್ರೂ ಮಾಡ್ಕೊಳ್ಳಲಿ. ಒಂದೇ ಒಂದು ಸಲ ಅದು ನನ್ನನ್ನ ಅಮ್ಮಾ ಅಂದ್ರೆ, ಆ ದನಿ ನನ್ನ ಕಿವಿಯಿಂದ ಹೋಗುತ್ತೆ ಅನ್ಸುತ್ತೆ. ಹೇಳಲಾ?"

ನನ್ನ ಒಪ್ಪಿಗೆ ಕೇಳುತ್ತಿದ್ದಳು. ಯೋಚನೆ ಮಾಡಿದೆ. ಹೇಳಿದಳು ಅಂತಿಟ್ಟುಕೊಳ್ಳೋಣ, ಮಗು ಬಂದು ಕೊರಳು ತಬ್ಬಿತು ಅಂತಿಟ್ಟುಕೊಳ್ಳೋಣ, ಆಮೇಲೆ ಕ್ಯಾಮೆರಾ ಪಕ್ಕ ನಾನು ಯಾವ ಹೆಸರು ಹೇಳಲಿ? ಇಡೀ ಚಿತ್ರ ಅವಳ ಕಣ್ಣೀರಿನ ಮೇಲೆ ನಿಂತಿದೆ, ಅಲ್ಲಿ ನಾನು ನಿಂತಿರುವುದೂ ಅದರ ಮೇಲೆಯೇ.

ಅವಳ ಎರಡೂ ಕೈ ಹಿಡಿದುಕೊಂಡು, ಹೇಳು ಪುಟ್ಟಿ, ಖಂಡಿತ ಹೇಳು, ಆದರೆ ಈಗ ಬೇಡ ಅಂದೆ. ಚಿತ್ರೀಕರಣ ಮುಗಿಯಲಿ. ಮನಸ್ಸು ಕಲಕಿಕೊಂಡು ಮಗುವಿನ ಹತ್ತಿರ ಹೋಗಬಾರದು, ಮಕ್ಕಳಿಗೆ ಗೊತ್ತಾಗಿಬಿಡುತ್ತದೆ ಅಂದೆ.

ಸಲಾಡಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಆಗಲಿ ಅಮ್ಮ ಅಂದಳು. ಒಳ್ಳೆಯ ಹುಡುಗಿ, ಹಿರಿಯರ ಮಾತಿಗೆ ಬೆಲೆ ಕೊಡುತ್ತಾಳೆ. ಕ್ರಿಸ್‌ಮಸ್ ಒಳಗೆ ಚಿತ್ರ ಮುಗಿಸಬೇಕೆಂದು ಸ್ಟುಡಿಯೋದವರ ಲೆಕ್ಕ. ಆದರೆ ಈ ನಿರ್ದೇಶಕ ಬಹಳ ನಿಧಾನ ಅಂತ ಕೇಳಿದ್ದೇನೆ.